ಜಪಾನಿ ವಖಾರಿಯ ಮಳೆ

ಮೊನ್ನೆ ಧಾರವಾಡದ ಒಂದು ಔಷಧಿ ಅಂಗಡಿಯಲ್ಲಿ ನಾನು ಕೊಟ್ಟ ಐನೂರರ ನೋಟನ್ನು ಅಲ್ಲಿದ್ದ ಹುಡುಗಿ ಸಣ್ಣ ಪೆಟ್ಟಿಗೆಯೊಂದರ ನೇರಳೆ ದೀಪದ ಕೆಳಗೆ ಹಿಡಿದಳು. ನೋಟು ಅಸಲಿ ಎಂದು ಖಾತ್ರಿಯಾಗಿ ನನಗೆ ಮಾತ್ರೆಗಳು ಸಿಕ್ಕವು. ಆದರೆ ಆ ಬೆಳಕು ಕಂಡ ಕೂಡಲೇ ನನ್ನ ಕಿವಿ ಬಿಸಿಯಾದವು. ಪಕ್ಕದಲ್ಲಿದ್ದ ಹೆಂಡತಿಗೆ ಅದು ಗೊತ್ತಾಯಿತು. "ಗಜೇಂದ್ರಗಡ ನೆನಪಾತೇನ್ರಿ?" ಎಂದು ಎಲ್ಲರ ಮುಂದೆಯೇ ನಕ್ಕಳು. ನೆನಪಾಗದೆ ಏನು! ಅಂಥದೇ ಒಂದು ದೀಪವನ್ನು ಬೇರೆಯವರ ಮನೆಯಲ್ಲಿ ಹಚ್ಚಿ, ತೀರಿಹೋಗಿದ್ದ ಒಬ್ಬ ದೊಡ್ಡ ಮನುಷ್ಯನನ್ನು ಮೂರು ದಿನ ಕಳ್ಳನನ್ನಾಗಿ ಮಾಡಿದವನು ನಾನು. ಇಲ್ಲದ ಉಸಾಬರಿ ಎನ್ನುತ್ತಾರಲ್ಲ, ಅದನ್ನು ನಾನು ಶಾಸ್ತ್ರೋಕ್ತವಾಗಿ ಮಾಡಿದ್ದೆ.

ಗಜೇಂದ್ರಗಡದ ಕಾಲೇಜಿಗೆ ನನಗೆ ವರ್ಗವಾದದ್ದು ಕೆಲವು ವರ್ಷಗಳ ಹಿಂದಿನ ಒಂದು ಜೂನ್ ತಿಂಗಳಲ್ಲಿ. ಭೌತಶಾಸ್ತ್ರ ಕಲಿಸುವುದು ನನ್ನ ಕೆಲಸ. ಹೆಂಡತಿಯ ನೌಕರಿ, ಮಕ್ಕಳ ಶಾಲೆ ಎರಡೂ ಧಾರವಾಡದಲ್ಲಿದ್ದವು. ಆದೇಶದ ಕಾಗದ ಓದಿ ಮೂರು ದಿನ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ಒಂದು ಸೂಟ್‌ಕೇಸು, ಒಂದು ಸ್ಟೋವು, ಬೇಕಾದಷ್ಟು ಸಿಟ್ಟು ಇಷ್ಟನ್ನು ಹೊತ್ತುಕೊಂಡು ಬಸ್ ಇಳಿದಾಗ ಆಷಾಢದ ಗಾಳಿ ಶುರುವಾಗಿತ್ತು. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು, ಕೆಳಗೆ ಊರಿನ ಮಣ್ಣು ತಿರುಗುತ್ತಿತ್ತು. ಬೆಳಿಗ್ಗೆ ತೊಟ್ಟ ಬಿಳಿ ಅಂಗಿ ಮಧ್ಯಾಹ್ನದ ಹೊತ್ತಿಗೆ ಗೋಧಿ ಬಣ್ಣಕ್ಕೆ ಬರುತ್ತಿತ್ತು.

ಉಳಿಯಲು ಜಾಗ ಎಲ್ಲಿ ಎಂದು ಕೇಳಿದರೆ ಕಾಲೇಜಿನ ಜವಾನ ಹೇಳಿದ: "ಜಪಾನಿ ವಖಾರಿ ಮ್ಯಾಲ ಒಂದ ಖೋಲಿ ಖಾಲಿ ಐತ್ರಿ ಸರ. ಮಂದಿ ಚಲೋ ಅದಾರ."

ಜಪಾನಿ ವಖಾರಿ ಎಂದರೆ ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ ಇರಬೇಕು ಎಂದುಕೊಂಡು ಹೋದೆ. ಪೇಟೆಯ ತುದಿಗೆ ದಪ್ಪ ಕಲ್ಲುಗೋಡೆಯ, ಎತ್ತರದ ಸಣ್ಣ ಕಿಟಕಿಗಳ ಹಳೆಯ ಹತ್ತಿ ಗೋದಾಮು. ಬಾಗಿಲ ಮೇಲೆ ಒಂದು ಹಲಗೆ: "ಜಪಾನದ ಅಚ್ಚಿನ ಚಿತ್ರಗಳು, ಈ ಕಾಲದ ಚಿತ್ರಗಳು. ನೋಡಾಕ ರೊಕ್ಕ ಇಲ್ಲ. ಚಪ್ಪಲಿ ಹೊರಗ." ನಾನು ಹಲಗೆಯನ್ನು ಎರಡು ಸಲ ಓದಿದೆ. ಹುಬ್ಬಳ್ಳಿ ಧಾರವಾಡದಲ್ಲೇ ಇಂಥದು ಕಂಡವನಲ್ಲ.

ಒಳಗೆ ಮೂರು ಜನ. ಮಲ್ಲಣ್ಣನಿಗೆ ಐವತ್ತರ ಆಸುಪಾಸು, ಮಾತು ಕಡಿಮೆ. ಚೌಕಟ್ಟು ಕಟ್ಟುವುದು, ಪುಣೆ ಹೈದರಾಬಾದಿನಿಂದ ಕೊಳ್ಳಲು ಬಂದವರಿಗೆ ಪತ್ರ ಬರೆಯುವುದು, ಚಿತ್ರಗಳನ್ನು ಹೂವಿನ ಹಾಗೆ ಕಟ್ಟಿ ಕಳಿಸುವುದು ಅವನ ಪಾಲು. ಅವನ ಹೆಂಡತಿ ಶಿವಲೀಲಾ ಅಕ್ಕನದು ಯಾವ ಚಿತ್ರ ತರಬೇಕು, ಯಾವುದನ್ನು ಯಾವುದರ ಪಕ್ಕ ತೂಗುಹಾಕಬೇಕು ಎನ್ನುವ ಕೆಲಸ. ಮಲ್ಲಣ್ಣನ ತಾಯಿ ಗಂಗವ್ವ ಎಪ್ಪತ್ತೈದು ದಾಟಿದವರು, ನೇಕಾರರ ಮನೆಯ ಮಗಳು. ಆಕೆಗೆ ಗೊತ್ತುಪಡಿಸಿದ ಕೆಲಸ ಯಾವುದೂ ಇರಲಿಲ್ಲ, ಆಕೆಯನ್ನು ಕೇಳದೆ ಒಂದು ಮೊಳೆಯೂ ಗೋಡೆಗೆ ಹೋಗುತ್ತಿರಲಿಲ್ಲ. ಬಾಗಿಲ ಒಳಗೆ ಬಲಕ್ಕೆ ಆಕೆಯ ಗಂಡ ಬಸಲಿಂಗಪ್ಪನವರ ಫೋಟೋ, ಹಣೆಗೆ ಮೂರು ಬೆರಳು ವಿಭೂತಿ.

ಜಪಾನಿಗೂ ಗಜೇಂದ್ರಗಡಕ್ಕೂ ಏನು ನಂಟು ಎಂದು ಕೇಳಿದೆ. ಮಲ್ಲಣ್ಣ ಕೊಟ್ಟ ಉತ್ತರ ನನ್ನ ಮಟ್ಟಿಗೆ ಅವನ ಅತಿ ಉದ್ದದ ಭಾಷಣ.

"ನಮ್ಮ ಮುತ್ಯಾ, ಅಂದ್ರ ಅಪ್ಪನ ಅಪ್ಪ, ಹತ್ತಿ ವ್ಯಾಪಾರ ಮಾಡ್ತಿದ್ರು ಸರ. ಆಗ ಜಪಾನಿ ಕಂಪನಿಯವ್ರು ಈ ಕಡೆ ಹತ್ತಿ ಹಿಡೀತಿದ್ರು. ಅವರ ಸಾಹೇಬ ಒಬ್ಬಾವ ನಮ್ಮ ಮನ್ಯಾಗ ಉಂಡು ಹೋಗಾವ. ಯುದ್ಧ ಬಂತು, ಅವಸರದಾಗ ಹೋಗಬೇಕಾತು. ಒಂದು ಪೆಟ್ಟಿಗಿ ಕೊಟ್ಟು, ಮತ್ತ ಬರ್ತೀನಿ ಅಂತ ಹೋದ. ಬರ್ಲಿಲ್ಲ. ಪೆಟ್ಟಿಗ್ಯಾಗ ಹನ್ನೊಂದು ಚಿತ್ರ ಇದ್ವು."

ಬಸಲಿಂಗಪ್ಪನವರು ಆ ಹನ್ನೊಂದು ಚಿತ್ರಗಳನ್ನು ನೋಡುತ್ತಲೇ ದೊಡ್ಡವರಾದರು. ಹತ್ತಿ ವ್ಯಾಪಾರ ಇಳಿದ ಮೇಲೆ ಜಪಾನಿನ ಚಿತ್ರ ವ್ಯಾಪಾರಿಗಳಿಗೆ ಪತ್ರ ಬರೆದು, ಬೇರೆ ಚಿತ್ರಗಳನ್ನು ತರಿಸಿ ಕೊಡುವ ತರುವ ವ್ಯವಹಾರ ಹಚ್ಚಿದರು. ಊರು ನಕ್ಕಿತು. ಅವರು ಐವತ್ತು ವರ್ಷ ನಡೆಸಿದರು. ಆದರೆ ಆ ಹನ್ನೊಂದನ್ನು ಮಾರಲಿಲ್ಲ. ಎಂಥೆಂಥವರೋ ಬಂದು ಕೇಳಿದರಂತೆ. "ಅವು ನಮ್ಮವಲ್ಲ, ನಮ್ಮ ಕಡೆ ಅದಾವ" ಎನ್ನುವುದು ಅವರ ಮಾತು. ಆ ಮಾತಿನಿಂದಲೇ ಈ ಮನೆಗೆ ಹೆಸರು. ಸಂದೂಕಕ್ಕೆ ಬೀಗ ಇದ್ದ ಮನೆಯವರೂ ಊರಿಗೆ ಹೋಗುವಾಗ ತಮ್ಮ ಬಂಗಾರವನ್ನು ಇಲ್ಲಿ ಕೊಟ್ಟು ಹೋಗುತ್ತಿದ್ದರು ಎಂದು ಕೇಳಿದ್ದೇನೆ.

ಮೊದಲ ತಿಂಗಳು ನಾನು ಒಳಗೆ ಹೋಗಲಿಲ್ಲ. ಚಿತ್ರಗಿತ್ರ ನನಗೆ ತಿಳಿಯುವುದಿಲ್ಲ ಎನ್ನುವ ಬಿಗುಮಾನ. ಶ್ರಾವಣದಲ್ಲಿ ಒಂದು ಭಾನುವಾರ ಬಿಸಿಲು ಹೆಚ್ಚಾಗಿ, ವಖಾರಿಯ ಒಳಗೆ ತಂಪಿದೆ ಎಂಬ ಒಂದೇ ಕಾರಣಕ್ಕೆ ಇಳಿದು ಬಂದೆ. ಶಿವಲೀಲಾ ಅಕ್ಕ ಒಂದು ಚಿತ್ರವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, "ನಿಂತು ನೋಡಬ್ಯಾಡ್ರಿ ಸರ, ಬಗ್ಗಿ ಪಕ್ಕದಿಂದ ನೋಡ್ರಿ" ಎಂದರು. ಬಗ್ಗಿದೆ. ಕಾಗದದ ಮೇಲೆ ಅಚ್ಚು ಒತ್ತಿದ ತಗ್ಗುಗಳು ಕಂಡವು. ಹೆಂಗಸಿನ ಬಿಳಿ ಉಡುಪಿನಲ್ಲಿ ಬಣ್ಣವೇ ಇಲ್ಲದೆ ಬರೀ ಒತ್ತಿನಿಂದ ಮೂಡಿದ ನೇಯ್ಗೆ ಇತ್ತು. ಮುಂದೆ ನಿಂತವನಿಗೆ ಅದು ಕಾಣುವುದೇ ಇಲ್ಲ. ನಲವತ್ತು ವರ್ಷ ನಾನು ಎಲ್ಲವನ್ನೂ ಮುಂದೆ ನಿಂತೇ ನೋಡಿದ್ದೆ ಅನಿಸಿತು.

"ಒಂದೊಂದು ಬಣ್ಣಕ್ಕ ಒಂದೊಂದು ಹಲಗಿ ಕೆತ್ತಬೇಕು ಮಾಸ್ತರ" ಎಂದರು ಗಂಗವ್ವ. "ಹಲಗಿ ಒಂದ ಎಳಿ ಅತ್ತಿತ್ತ ಆದ್ರ ಮಾರಿ ಒಂದ ಕಡೆ, ತುಟಿ ಒಂದ ಕಡೆ. ನಮ್ಮ ಮಗ್ಗದಾಂಗ ಇದೂ. ಲೆಕ್ಕಾ ತಪ್ಪಿದ್ರ ಬಿಚ್ಚಾಕ ಬರೂದಿಲ್ಲ."

ಅಲ್ಲಿಂದ ಮುಂದೆ ದಿನಾ ಕಾಲೇಜು ಮುಗಿಸಿ ವಖಾರಿಗೆ ಬರುವುದು ರೂಢಿಯಾಯಿತು. ಅವರ ಕೆಲವು ಪದ್ಧತಿ ಕಂಡು ಮೊದಲು ನಕ್ಕೆ, ಆಮೇಲೆ ತಲೆಬಾಗಿದೆ. ಯಾವ ಜಪಾನಿ ಚಿತ್ರವೂ ಗೋಡೆಯ ಮೇಲೆ ಆರು ವಾರಕ್ಕಿಂತ ಹೆಚ್ಚು ಇರುತ್ತಿರಲಿಲ್ಲ. ಆಮೇಲೆ ಐದಾರು ತಿಂಗಳು ಕತ್ತಲ ಪೆಟ್ಟಿಗೆಯಲ್ಲಿ ಅದಕ್ಕೆ ವಿಶ್ರಾಂತಿ. ಬೆಳಕಿಗೆ ಬಣ್ಣ ಹಾರುತ್ತದೆ ಎನ್ನುವುದು ನನಗೆ ಪುಸ್ತಕದಿಂದ ಗೊತ್ತು. ಗಂಗವ್ವನಿಗೆ ಎಲ್ಲಿಂದ ಗೊತ್ತು? "ಎತ್ತಿಗೆ ಸೋಮವಾರ ನೊಗಾ ಇಡತಾರೇನು? ದುಡದದ್ದಕ್ಕ ಬಿಡುವು ಕೊಡಬೇಕು" ಎಂದರು. ವಖಾರಿಗೂ ಸೋಮವಾರ ರಜೆ. ಅಂದು ಚಿತ್ರಗಳ ಮುಂದೆ ಬಟ್ಟೆ ಇಳಿಬಿಡುತ್ತಿದ್ದರು.

ಶಿವಲೀಲಾ ಅಕ್ಕ ಬಸ್ಸಿನಲ್ಲಿ ರೋಣ, ನರೇಗಲ್, ನರಗುಂದ ಸುತ್ತಿ ಹೊಸಬರ ಚಿತ್ರಗಳನ್ನು ಹುಡುಕುತ್ತಿದ್ದರು. ಚಿಕ್ಕನರಗುಂದದ ಒಬ್ಬ ಹುಡುಗಿ ಎರೆಹೊಲದ ಬಿರುಕುಗಳನ್ನು ಇದ್ದಿಲಿನಿಂದ ಬರೆದದ್ದನ್ನು ತಂದು, ಜಪಾನಿನ ಒಂದು ಹೊಳೆಯ ಚಿತ್ರದ ಪಕ್ಕ ತೂಗುಹಾಕಿದರು. ಎರಡೂ ಮಾತಾಡಿಕೊಂಡ ಹಾಗೆ ಕಾಣುತ್ತಿತ್ತು. ನರಗುಂದದಲ್ಲಿ ಅಂಗಡಿ ಬೋರ್ಡು ಬರೆಯುವ ಒಬ್ಬರು ಇಪ್ಪತ್ತು ವರ್ಷದಿಂದ ಕುಂಚ ಒರೆಸುತ್ತಿದ್ದ ತಗಡನ್ನೇ ಬೇಡಿ ತಂದರು. ಅದನ್ನು ಗೋಡೆಯ ಮೇಲೆ ನೋಡಲು ಆತ ಹೊಸ ಅಂಗಿ ತೊಟ್ಟು ಬಂದಿದ್ದ.

"ಇದು ನಾ ಕುಂಚಾ ಒರಸೋ ತಗಡರೀ ಅಕ್ಕಾರ" ಎಂದ, ಅರ್ಧ ನಾಚಿಕೆಯಿಂದ.

"ಗಿರಾಕಿ ಹೇಳಿದಂಗ ಬರೀಲಾರದ ಜಾಗಾ ನಿಮ್ಮ ಅಂಗಡ್ಯಾಗ ಇದೊಂದ ಇತ್ತು ನೋಡ್ರಿ" ಎಂದರು ಅಕ್ಕ. ಅಂಥ ಮಾತು ಆಡಬಲ್ಲವರು ನನಗೆ ಯಾವ ವಿಶ್ವವಿದ್ಯಾಲಯದಲ್ಲೂ ಸಿಕ್ಕಿಲ್ಲ.

ಆ ಹಿಂಗಾರಿಗೆ ಹನ್ನೊಂದರಲ್ಲಿ ಒಂದು ಚಿತ್ರ ಗೋಡೆ ಏರಿತು. ಮಳೆಯ ಚಿತ್ರ. ದೋಣಿ ಹತ್ತುವ ಒಂದು ಕಟ್ಟೆ, ಕುದುರೆಯ ಹಗ್ಗ ಹಿಡಿದ ಗಂಡಸು, ಮಗುವಿನ ತಲೆಗೆ ತೋಳು ಮರೆಮಾಡಿದ ಹೆಂಗಸು, ಮೇಲಿಂದ ಕೆಳಗೆ ಓರೆಯಾಗಿ ನೂರಾರು ತೆಳು ಕಪ್ಪು ಗೆರೆಗಳ ಮಳೆ. ಊರಿಗೆ ಈ ಚಿತ್ರ ಗೊತ್ತು. ಸಂತೆಯ ದಿನ ಲಕ್ಕಲಕಟ್ಟಿ ಕಡೆಯ ಕೂಲಿ ಮಂದಿ ಚೀಲ ಬಾಗಿಲಲ್ಲಿಟ್ಟು, ಕಾಲು ಝಾಡಿಸಿ ಒಳಗೆ ಬಂದರು.

"ಇದು ಹಿಂಗಾರಿ ಮಳಿ. ಓರೆ ನೋಡು" ಎಂದ ಒಬ್ಬ ಮುದುಕ.

"ಅಲ್ಲೋ ಯಣ್ಣಾ, ಗುಡುಗಿನ ಮಳಿ ಇದು, ಮುಂಗಾರಿ" ಎಂದಳು ಹಿಂದಿದ್ದ ಹೆಣ್ಣುಮಗಳು. "ಕುದುರಿ ಕಿವಿ ನೋಡು, ಹ್ಯಾಂಗ ಹಿಂದ ಮಾಡೈತಿ. ಗುಡುಗಿಗೆ ಅಂಜೈತಿ ಅದು."

ಶಿವಲೀಲಾ ಅಕ್ಕ ತಟ್ಟನೆ ಎದ್ದು ಬಂದು ಕುದುರೆಯ ಕಿವಿ ನೋಡಿದರು. ಮದುವೆಯಾಗಿ ಬಂದಾಗಿನಿಂದ ನೋಡುತ್ತಿದ್ದ ಚಿತ್ರ, ಆ ಕಿವಿ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಆ ಹೆಣ್ಣುಮಗಳ ಹೆಸರು, ಊರು ಕೇಳಿ, ಆಕೆಯ ಮಾತನ್ನು ಹಾಗೇ ತಮ್ಮ ವಹಿಯಲ್ಲಿ ಬರೆದುಕೊಂಡರು. ನನಗೆ ಈ ಮನೆಯ ಮೇಲೆ ಗೌರವ ಹುಟ್ಟಿದ ಗಳಿಗೆ ಯಾವುದು ಎಂದು ಕೇಳಿದರೆ ಅದು.

ಅಷ್ಟೊತ್ತಿಗೆ ನಾನೂ ಅಲ್ಲಿ ಏನೋ ಒಂದು ಆಗಿಬಿಟ್ಟಿದ್ದೆ. ಬೆಳಕು ಅಳೆಯುವ ಯಂತ್ರ ತಂದು ಯಾವ ಗೋಡೆಗೆ ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕಿಕೊಟ್ಟೆ. ಪಡುವಣ ಕಿಟಕಿಗಳಿಗೆ ಕೈಮಗ್ಗದ ದಪ್ಪ ಬಟ್ಟೆ ಬಿಗಿಯಿರಿ ಎಂದೆ, ಬಿಗಿದರು. "ಸರ ಹೇಳ್ಯಾರ" ಎಂದು ಮಲ್ಲಣ್ಣ ಬಂದವರಿಗೆಲ್ಲ ಹೇಳುತ್ತಿದ್ದ. ಹೊಗಳಿಕೆಗೆ ಹೊಟ್ಟೆ ಉಬ್ಬುವ ಜಾತಿ ನನ್ನದು.

ಚಳಿ ಶುರುವಾಗಿ, ಬಿಳಿಜೋಳ ತೆನೆ ಹಿಡಿದಿದ್ದ ಹೊತ್ತಿನಲ್ಲಿ ಬೆಂಗಳೂರಿನ ಒಂದು ದೊಡ್ಡ ಕಲಾಸಂಸ್ಥೆಯಿಂದ ಪತ್ರ ಬಂತು. ಸಾಹೇಬನ ಪೆಟ್ಟಿಗೆಯ ಹನ್ನೊಂದು ಚಿತ್ರಗಳನ್ನೂ ಮೊದಲ ಸಲ ಒಟ್ಟಿಗೆ ತೋರಿಸುತ್ತಾರಂತೆ. ಎಂಬತ್ತು ವರ್ಷ ಕಾಯ್ದ ಮನೆತನದ ಕಥೆಯನ್ನೂ ಗೋಡೆಯ ಮೇಲೆ ಬರೆಯುತ್ತಾರಂತೆ. ಮಲ್ಲಣ್ಣ ಒಂದು ಕಾಗದಕ್ಕೆ ಸಹಿ ಮಾಡಬೇಕಿತ್ತು: ಈ ಹನ್ನೊಂದೂ ಆ ಪೆಟ್ಟಿಗೆಯವೇ, ಬೇರೆ ಯಾವುದೂ ಸೇರಿಲ್ಲ ಎಂದು. ಪತ್ರ ಓದಿದ ದಿನ ಮನೆಯಲ್ಲಿ ಹಬ್ಬ. ಗಂಗವ್ವ ಹೋಳಿಗೆ ಮಾಡಿ ಮೊದಲ ಎಡೆಯನ್ನು ಗಂಡನ ಫೋಟೋಕ್ಕೆ ಇಟ್ಟರು. ಮರುದಿನ ತಂಗಿಯ ಬಸುರಿ ಮೊಮ್ಮಗಳ ಕುಬಸಕ್ಕೆಂದು ನರೇಗಲ್ಲಿಗೆ ಹೋದರು.

ನನ್ನ ತಲೆಗೆ ಹುಳ ಹೊಕ್ಕದ್ದು ಆಗ. ಹಳೆಯ ಕಾಗದವನ್ನು ನೇರಳಾತೀತ ಬೆಳಕಿನಲ್ಲಿ ನೋಡಿದರೆ ಮಂಕಾಗಿ ಕಾಣುತ್ತದೆ. ಈಚಿನ ಕಾಗದಕ್ಕೆ ಬಿಳುಪು ಬರಲೆಂದು ಏನೋ ಬೆರೆಸಿರುತ್ತಾರೆ, ಅದು ನೀಲಿಯಾಗಿ ಹೊಳೆಯುತ್ತದೆ. ಬೆಂಗಳೂರಿನವರಿಗೆ ಇದನ್ನೂ ಬರೆದು ಕಳಿಸಿದರೆ ಬೆಲೆ ಬರುತ್ತದೆ ಎಂದೆ. ಯಾರೂ ಕೇಳಿರಲಿಲ್ಲ. ಎದುರಿನ ಬಟ್ಟೆ ಅಂಗಡಿಯಿಂದ ನೋಟು ನೋಡುವ ನೇರಳೆ ದೀಪ ತಂದು, ಮಧ್ಯಾಹ್ನವೇ ಕಿಟಕಿಗಳನ್ನೆಲ್ಲ ಮುಚ್ಚಿಸಿ ಕೂತೆ. ಮಲ್ಲಣ್ಣ ಒಂದೊಂದೇ ಚಿತ್ರ ಕೊಡುತ್ತಿದ್ದ, ಅಕ್ಕ ಬರೆದುಕೊಳ್ಳುತ್ತಿದ್ದರು. ಹತ್ತು ಚಿತ್ರ ಮಂಕಾಗಿಯೇ ಉಳಿದವು. ಕೊನೆಗೆ ಮಳೆಯ ಚಿತ್ರ ಬಂತು. ದೀಪದ ಕೆಳಗೆ ಅದು ಇಡೀ ನೀಲಿಬಿಳಿಯಾಗಿ ಫಳ್ಳನೆ ಹೊಳೆಯಿತು.

"ಹೋ! ಇದು ಹೊಸಾ ಕಾಗದ" ಎಂದು ಕೂಗಿದೆ. "ಇದು ನಿಮ್ಮ ಮುತ್ಯಾನ ಕಾಲದ್ದಲ್ಲ. ಇದು ನಕಲು."

ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಖುಷಿಯಾಗಿತ್ತು. ಏನೋ ಕಂಡುಹಿಡಿದವನ ಖುಷಿ. ಕಾಗದಕ್ಕೆ ಹಾಕುವ ರಾಸಾಯನಿಕದ ಬಗ್ಗೆ ಐದು ನಿಮಿಷ ಪಾಠ ಮಾಡಿದೆ. ಕಿಟಕಿ ತೆರೆದ ಮೇಲೆ ಮಲ್ಲಣ್ಣನ ಮುಖ ನೋಡಿದೆ. ಮಾತು ಆಡಿದರೆ ಹೋಯಿತು ಎಂಬ ಗಾದೆ ಆಗ ನೆನಪಾಯಿತು.

ಚಿತ್ರ ನಕಲಾದರೆ ಅಸಲು ಎಲ್ಲಿಗೆ ಹೋಯಿತು? ಪೆಟ್ಟಿಗೆಯ ಕೀಲಿ ಮೊದಲು ಮುತ್ಯಾನ ಹತ್ತಿರ, ಆಮೇಲೆ ಬಸಲಿಂಗಪ್ಪನವರ ಹತ್ತಿರ. ಬೇರೆ ಕೈಗೆ ಹೋಗಿದ್ದೇ ಇಲ್ಲ. ಜಪಾನಿನಿಂದ ಬೇಕಾದ ನಕಲು ತರಿಸಬಲ್ಲವರೂ ಅವರೊಬ್ಬರೇ.

"ನಾ ಸಣ್ಣಾವ ಇದ್ದಾಗ ಅಪ್ಪ ಒಂದು ತಿಂಗಳು ಮುಂಬೈಗೆ ಹೋಗಿದ್ದ" ಎಂದ ಮಲ್ಲಣ್ಣ. "ಬಂದ ಮ್ಯಾಲ ಈ ವಖಾರಿಗೆ ಹಂಚು ಹೊದಿಸಿದ."

ಅಷ್ಟೇ ಅವನು ಅಂದದ್ದು. ಅಕ್ಕ ಸಿಡಿದರು: "ಮಾವನೋರು ಹಂಗ ಮಾಡಾವ್ರಲ್ಲ!"

"ಹಂಗಾರ ಸರ್ ಸುಳ್ಳು ಹೇಳ್ತಾರೇನು? ದೀಪ ಸುಳ್ಳು ಹೇಳತೈತೇನು?" ಎಂದ ಮಲ್ಲಣ್ಣ. ನಾನು ಸುಳ್ಳು ಹೇಳಿದೆ ಎಂದು ಅವನು ಅಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಸುಮ್ಮನಿದ್ದು ಹನ್ನೊಂದು ಎಂದು ಸಹಿ ಹಾಕಿದರೆ ಕೇಳುವವರು ಯಾರೂ ಇರಲಿಲ್ಲ. ಈ ಮಾತು ಆ ಮೂರು ದಿನದಲ್ಲಿ ಅವನ ಬಾಯಲ್ಲಿ ಒಂದು ಸಲವೂ ಬರಲಿಲ್ಲ. "ಹತ್ತು ಅಂತ ಬರೀತೀನಿ. ಹನ್ನೊಂದನೇದು ನಮ್ಮ ಮನ್ಯಾಗ ಹೋಗೇತಿ ಅಂತ ಬರೀತೀನಿ. ಅವ್ವಗ ಮಾತ್ರ ಹೇಳಬ್ಯಾಡ್ರಿ" ಎಂದ.

ನಾನು ಕಾಲೇಜಿಗೆ ಹೋಗುವಾಗ ಬರುವಾಗ ಹಿಂದಿನ ಮೆಟ್ಟಿಲು ಹಿಡಿದೆ. ಗಂಗವ್ವ ನರೇಗಲ್ಲಿನಿಂದ ಬಂದದ್ದು ಮೇಲಿನಿಂದಲೇ ಗೊತ್ತಾಯಿತು. ಮೂರನೆಯ ದಿನ ಬೆಳಿಗ್ಗೆ ಅವರೇ ಮೆಟ್ಟಿಲು ಹತ್ತಿ ಬಂದರು. ಮೊಣಕಾಲು ನೋವಿನ ಹೆಂಗಸು, ಆ ಮೆಟ್ಟಿಲು ಹತ್ತಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

"ಮಾಸ್ತರ, ನನ್ನ ಮಗಾ ಅವರ ಫೋಟೋ ತಗದು ಒಳಗ ಇಟ್ಟಾನ. ಯಾಕಂತ ಕೇಳಿದ್ರ ಗೆದ್ದಲ ಅಂತಾನ. ಗ್ವಾಡಿ ನೋಡಿದ್ನಿ, ಗೆದ್ದಲ ಇಲ್ಲ. ನೀವು ಓದಿದವ್ರು, ಖರೇ ಹೇಳ್ರಿ."

ಹೇಳಬೇಡ ಎಂದು ಮಲ್ಲಣ್ಣ ಅಂದಿದ್ದ. ಆದರೆ ಮಗ ತಂದೆಯ ಫೋಟೋ ಇಳಿಸುವಂತೆ ಮಾಡಿದವನು ಆ ತಾಯಿಗೆ ಸುಳ್ಳು ಹೇಳುವುದು ಹೇಗೆ? ಎಲ್ಲ ಹೇಳಿದೆ. ಆಕೆ ಕಣ್ಣು ಮಿಟುಕಿಸದೆ ಕೇಳಿದರು. ನಡುವೆ ಒಂದೇ ಪ್ರಶ್ನೆ.

"ಹ್ಯಾಂಗ ಹೊಳೀತು ಅಂದ್ರಿ?"

"ನೀಲಿ ನೀಲಿ ಬೆಳ್ಳಗ್ರಿ ಅವ್ವಾರ."

"ಒಗದ ಧೋತರ ಬಿಸಲಾಗ ಹೊಳದಂಗ?"

"ಹಂಗ ಅನ್ನಬಹುದ್ರಿ."

ಗಂಗವ್ವ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಾರೆ ಎಂದುಕೊಂಡೆ. ಆದರೆ ಎದ್ದು, "ಕೆಳಗ ಬರ್ರಿ. ಇಬ್ಬರನ್ನೂ ಕರೀರಿ. ಮಳಿ ಚಿತ್ರಾ ಮೇಜಿನ ಮ್ಯಾಲ ಹಾಕ್ರಿ" ಎಂದರು.

ಕೆಳಗೆ ಮೂವರು ನಿಂತಿದ್ದೆವು, ಆಕೆ ಮೇಜಿನ ಮುಂದೆ ಕೂತಿದ್ದರು. ಮಗನ ಮುಖ ನೋಡದೆ ಚಿತ್ರವನ್ನೇ ನೋಡುತ್ತ ಮಾತಾಡಿದರು.

"ಅವರು ಮುಂಬೈಗೆ ಹೋಗಿದ್ದ ತಿಂಗಳಾ. ವರ್ಷಾ ಶ್ರಾವಣದಾಗ ಚಿತ್ರಾ ಗಾಳಿಗೆ ಹಾಕತಿದ್ರು. ಅವರಿಲ್ಲಂತ ಮಾವನೋರು ಕೀಲಿ ನನಗ ಕೊಟ್ರು. ಪಡಸಾಲ್ಯಾಗ ಹಾಸಿದ್ನಿ. ಗಾಳಿ ಎಲ್ಲಿಂದ ಬಂತೋ ಏನೋ, ಇದು ಎದ್ದು ಹಾರಿತು. ಹಿಡೀಲಿಕ್ಕೆ ಹೋದ್ನಿ. ಕೈಯಾಗ ಹರೀತು. ಮ್ಯಾಲಿಂದ ನಡುವಿನ ಮಟಾ."

ಶಿವಲೀಲಾ ಅಕ್ಕ "ಅಯ್ಯ ಶಿವನ" ಎಂದರು.

"ಮಾವನೋರು ಕಟ್ಟಿ ಮ್ಯಾಲ ಕುಂತಿದ್ರು. ನನ್ನ ಜೀವಾನ ಹೋದಂಗಾತು. ಮಂದಿ ನಂಬಿ ಕೊಟ್ಟಿದ್ದು, ನನ್ನ ಕೈಯಾಗ ಹರೀತು. ಒಲಿ ಮ್ಯಾಲ ಗಂಜಿ ಇತ್ತು, ಅವರ ಧೋತರಕ್ಕ ಹಾಕೂದು. ನಾ ನೇಕಾರರ ಮಗಳು, ಗಂಜಿ ಹಚ್ಚೂದು ನನಗ್ಯಾರೂ ಕಲಿಸಬೇಕಿಲ್ಲ. ಬೆನ್ನಿಗೆ ಪೂರಾ ತೆಳ್ಳಗ ಹಚ್ಚಿದ್ನಿ, ಕಾಗದಾ ಅದನ್ನ ಮುಂದಿನ ಮಟಾ ಕುಡೀತು. ಹಿಂದ ಒಂದು ತೆಳು ಕಾಗದಾ ಕೂಡಿಸಿದ್ನಿ. ಒಳಕಲ್ಲಿನ ಕೆಳಗ ಎರಡು ದಿನಾ ಇಟ್ಟಿದ್ನಿ. ಹರಕು ಮಳಿ ಹೋದಂಗ ಓರೆ ಹೋಗಿತ್ತು. ಗೆರಿಗೆ ಗೆರಿ ಕೂಡಿಸಿದ್ನಿ. ಅವರು ಮುಂಬೈಯಿಂದ ಬಂದು ನೋಡಿದ್ರು, ಗೊತ್ತಾಗಲಿಲ್ಲ."

"ಗಂಜ್ಯಾಗ ಏನು ಹಾಕತಿದ್ರಿ ಅವ್ವಾರ?" ಎಂದು ಕೇಳಿದೆ.

"ಬೆಳ್ಳನ್ನ ಪುಡಿ. ಅಂಗಡ್ಯಾಗ ಆಗ ಹೊಸದಾಗಿ ಬಂದಿತ್ತು. ಹಾಕಿದ್ರ ಧೋತರಾ ಫಳಾ ಫಳಾ ಅಂತಿತ್ತು."

ಆ ಪುಡಿಯಲ್ಲಿ ಇರುವುದೂ, ಹೊಸ ಕಾಗದದಲ್ಲಿ ಇರುವುದೂ ಒಂದೇ ಜಾತಿಯ ರಾಸಾಯನಿಕ. ಪ್ರಪಂಚದ ಬೇರೆ ಯಾವ ಊರಿನಲ್ಲೂ ಒಂದು ಜಪಾನಿ ಚಿತ್ರಕ್ಕೆ ಮಾವ ಗಂಡಂದಿರ ಧೋತರದ ಗಂಜಿ ಬಿದ್ದಿರಲಾರದು. ಹಾಗಾಗಿ ಯಾವ ಪುಸ್ತಕದಲ್ಲೂ ಇದು ಇರಲಾರದು. ಆದರೂ ನಾನು ಪರೀಕ್ಷೆ ಮಾಡಿಯೇ ನಂಬುವವನು. ಒಂದು ಹಳೆಯ ಕಾಗದಕ್ಕೆ ಬರೀ ಗಂಜಿ, ಇನ್ನೊಂದಕ್ಕೆ ಪುಡಿ ಬೆರೆಸಿದ ಗಂಜಿ ಹಚ್ಚಿ ಒಣಗಿಸಿ ದೀಪ ಹಿಡಿದೆ. ಮೊದಲನೆಯದು ಮಂಕು, ಎರಡನೆಯದು ಅದೇ ನೀಲಿ ಹೊಳಪು. ಮಳೆಯ ಚಿತ್ರದ ಅಂಚಿನಲ್ಲಿ ಗಂಜಿ ಮುಟ್ಟದ ಬೆರಳಗಲದ ಒಂದು ಪಟ್ಟಿಯೂ ಸಿಕ್ಕಿತು. ಅದು ಉಳಿದ ಹತ್ತು ಚಿತ್ರಗಳಷ್ಟೇ ಮಂಕಾಗಿತ್ತು. ಮೊದಲ ದಿನ ನಾನು ಖುಷಿಯಲ್ಲಿ ಕೂಗುವ ಬದಲು ಅಂಚನ್ನು ನೋಡಬೇಕಿತ್ತು. ವಿದ್ಯಾರ್ಥಿ ಹೀಗೆ ಮಾಡಿದ್ದರೆ ನಾನು ಅಂಕ ಕೊಡುತ್ತಿರಲಿಲ್ಲ.

ಮಲ್ಲಣ್ಣ ಒಳಗೆ ಹೋಗಿ ಫೋಟೋ ತಂದ. ಗಾಜನ್ನು ತನ್ನ ಅಂಗಿಯ ತುದಿಯಿಂದ ಒರೆಸಿದ, ಒರೆಸುತ್ತಲೇ ಇದ್ದ. ಕಣ್ಣು ತುಂಬಿ ಮೊಳೆ ಕಾಣದೆ ಎರಡು ಸಲ ತಪ್ಪಿದ.

"ಅಪ್ಪನ ಮ್ಯಾಲ ಅನುಮಾನ ಪಟ್ನಿ ಯವ್ವಾ."

"ನನ್ನನ್ನ ಕೇಳಬೇಕಿಲ್ಲೋ? ಹಂಚು ನನ್ನ ತವರಮನಿ ಬಿಚ್ಚಿದಾಗ ಬಂದಿದ್ದು" ಎಂದರು ಗಂಗವ್ವ, ಸಿಟ್ಟಿನಿಂದ. ಆಮೇಲೆ ದನಿ ಇಳಿಯಿತು. "ನನ್ನದೂ ತಪ್ಪು. ಅವರು ಹೋಗೂ ಮುಂದ ಹೇಳಬೇಕಂತ ಮಾಡಿದ್ನಿ. ಕಡೀ ದಿನಾ ಈ ಚಿತ್ರಾನ ಮುಂದಿಟ್ಟು ನೋಡಕೋತ ಮಲಗಿದ್ರು. ಬಾಯಿ ಬರಲಿಲ್ಲ. ಹೇಳಿದ್ರ ಹನ್ನೊಂದೂ ಹಂಗ ಅದಾವ ಅನ್ನೋ ಸಮಾಧಾನ ಹೋಗತಿತ್ತು."

ಆಕೆಗೆ ಸುಮ್ಮನಿರುವುದು ಸುಲಭವಿತ್ತು. ನಲವತ್ತೈದು ವರ್ಷಕ್ಕೂ ಮೇಲೆ ಸುಮ್ಮನಿದ್ದವರು, ಇನ್ನೂ ಕೆಲವು ವರ್ಷ ಇರಬಹುದಿತ್ತು. ಗಂಡನ ಹೆಸರು ಕೆಡುತ್ತದೆ ಎಂದು ಗೊತ್ತಾದ ಮೇಲೆ ಒಂದು ಗಂಟೆಯೂ ತಡೆಯಲಿಲ್ಲ. ಮಗ, ಸೊಸೆ, ಬಾಡಿಗೆಗಿದ್ದ ಪರಕೀಯ, ಇಷ್ಟು ಜನರ ಮುಂದೆ ತನ್ನ ತಪ್ಪನ್ನು ತಾನೇ ಬಿಚ್ಚಿಟ್ಟರು. ಅಂಥ ಧೈರ್ಯ ನನ್ನಲ್ಲಿ ಇಲ್ಲ. ಇದನ್ನು ಬರೆಯುವಾಗ ಕೂಡ ಎರಡು ಸಲ ನನ್ನ ಪಾಲನ್ನು ಸಣ್ಣದು ಮಾಡಲು ನೋಡಿದ್ದೇನೆ.

ಬೆಂಗಳೂರಿಗೆ ಎಲ್ಲವನ್ನೂ ಬರೆದು ಕಳಿಸಿದರು. ಅವರ ಕಡೆಯ ಕಾಗದ ತಜ್ಞೆಯೊಬ್ಬರು ಬಂದು ಭೂತಗನ್ನಡಿ ಹಿಡಿದು ಇಡೀ ಒಂದು ದಿನ ಆ ಚಿತ್ರ ನೋಡಿದರು. ಚಿತ್ರ ಅಸಲಿ ಎಂದರು. ಜಪಾನಿನಲ್ಲೂ ಹರಿದ ಚಿತ್ರಕ್ಕೆ ಗಂಜಿಯನ್ನೇ ಹಚ್ಚುತ್ತಾರೆ, ನೀರು ಮುಟ್ಟಿಸಿದರೆ ಬಿಡುತ್ತದೆ ಎಂದೇ ಹಚ್ಚುತ್ತಾರೆ ಎಂದೂ ಹೇಳಿದರು. ಇದನ್ನು ಬಿಚ್ಚಿ ಹೊಸದಾಗಿ ಕೂಡಿಸಲೇ ಎಂದು ಗಂಗವ್ವನನ್ನೇ ಕೇಳಿದರು.

"ಇದಕ್ಕಿಂತ ಚಲೋ ಕೂಡಿಸ್ತೀರೇನು?"

ತಜ್ಞೆ ಮತ್ತೊಮ್ಮೆ ಭೂತಗನ್ನಡಿ ಹಿಡಿದು ಮಳೆಯ ಗೆರೆಗಳನ್ನು ನೋಡಿದರು. "ಇಲ್ಲ ಅವ್ವ" ಎಂದರು. ಅದನ್ನು ಹಾಗೇ ಬಿಟ್ಟರು.

ಇನ್ನು ಚಿತ್ರದ ಕೆಳಗೆ ಹಚ್ಚುವ ಚೀಟಿ ಉಳಿದಿತ್ತು. ಹನ್ನೊಂದಕ್ಕೂ ಶಿವಲೀಲಾ ಅಕ್ಕನೇ ಬರೆಯಬೇಕಿತ್ತು. ಮಳೆಯ ಚಿತ್ರದ ಚೀಟಿ ಮಾತ್ರ ಅವರು ನಾಲ್ಕು ಸಲ ಬರೆದು ಹರಿದರು. ಐದನೆಯದನ್ನು ಅತ್ತೆಯ ಮುಂದೆ ಇಟ್ಟರು. ಅದರಲ್ಲಿ ಕೊನೆಯ ಸಾಲು: "ದುರಸ್ತಿ: ಗಂಗವ್ವ, ಗಜೇಂದ್ರಗಡ." ಮನೆಯ ಹೆಂಗಸಿನ ಹೆಸರು ಆ ವಖಾರಿಯ ಚೀಟಿಯ ಮೇಲೆ ಬಂದದ್ದು ಅದೇ ಮೊದಲು. ಅಕ್ಕನ ಮುಖದಲ್ಲಿ ಹೆಮ್ಮೆ ಇತ್ತು. ಗಂಗವ್ವ ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರ ಕೂಡಿಸಿ ಓದಿದರು. ಓದಿ ಮುಗಿಸಿ ಚೀಟಿಯ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಹರದಾಕಿ ಹೆಸರು ಎಲ್ಲೈತಿ?"

"ಅದು ಬ್ಯಾಡ್ರಿ ಅತ್ತಿ" ಎಂದರು ಅಕ್ಕ. "ಮಂದಿ ಓದತಾರ."

"ಮಂದಿ ಓದಲಿ ಅಂತನ ಅಲ್ಲೇನು ಚೀಟಿ ಹಚ್ಚೂದು? ಕೂಡಿಸಿದ್ದು ಅಷ್ಟ ಬರದು ಹರದದ್ದು ಬಿಟ್ರ ಅದು ಅರ್ಧಾ ಚೀಟಿ. ಕೊಡ ಇಲ್ಲಿ."

ಪೆನ್ನು ಇಸಿದುಕೊಂಡು, ಸೊಸೆಯ ಅಂದದ ಸಾಲನ್ನು ಹೊಡೆದುಹಾಕಿ, ಕೆಳಗೆ ತನ್ನ ನಾಲ್ಕನೇ ಇಯತ್ತೆಯ ದಪ್ಪ ಅಕ್ಷರದಲ್ಲಿ ತಾನೇ ಬರೆದರು. ಬೆಂಗಳೂರಿನವರು ಭಾಷೆ ತಿದ್ದಿ ಅಚ್ಚು ಹಾಕಿಸುತ್ತೇವೆ ಎಂದರಂತೆ. ಎಂದೂ ಯಾರಿಗೂ ಎದುರಾಡದ ಮಲ್ಲಣ್ಣ, ಒಂದು ಅಕ್ಷರ ಬದಲಾದರೂ ಹನ್ನೊಂದೂ ವಾಪಸು ತರುತ್ತೇನೆ ಎಂದನಂತೆ. ಮೇ ತಿಂಗಳಲ್ಲಿ ಧಾರವಾಡಕ್ಕೆ ವರ್ಗವಾಗಿ ಹೊರಟ ನಾನು ನೇರವಾಗಿ ಮನೆಗೆ ಹೋಗಲಿಲ್ಲ. ಬೆಂಗಳೂರಿನ ರೈಲು ಹತ್ತಿ, ಆ ದೊಡ್ಡ ಬಿಳಿ ಗೋಡೆಯ ಮುಂದೆ ಹೋಗಿ ನಿಂತು, ಆಕೆಯ ಕೈಬರಹದಲ್ಲೇ ತೂಗುತ್ತಿದ್ದ ಆ ಸಾಲನ್ನು ಓದಿದೆ.

"ಹರದಾಕಿ ಗಂಗವ್ವ. ಕೂಡಿಸಿದಾಕಿ ಗಂಗವ್ವ."